ಹತ್ತು ದನಿ

ನವೆಂಬರ್ 6, 2025, ಗುರುವಾರ

ವಿಷಯ: ಶಾಲೆಯ ಏಕೈಕ ಕುರ್ಚಿಯ ಕಾಲು ಮುರಿದಿರುವ ಬಗ್ಗೆ.
ಉಲ್ಲೇಖ: ಅದರ ಮೇಲೆ ಕೂತಿದ್ದ ನಾನು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಘನತೆವೆತ್ತ ದಿನಚರಿಯ ಅವಗಾಹನೆಗೆ ತರಬಯಸುವುದೇನೆಂದರೆ, ಪಾಲಿಬೆಟ್ಟದಿಂದ ಆರು ಕಿಲೋಮೀಟರ್ ಒಳಗೆ, ಕಾಫಿ ತೋಟಗಳ ನಡುವೆ, ಒಂದು ಕೋಣೆ ಒಂದು ಜಗಲಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿರುವ ಕುಸುಮಾ ಎಂಬ ನಾನು (ವಯಸ್ಸು ಇಪ್ಪತ್ತಮೂರು, ಊರು ಶನಿವಾರಸಂತೆ) ಇಂದು ಮಕ್ಕಳ ಸಮಕ್ಷಮದಲ್ಲಿ ಬಿದ್ದು, ಬಿದ್ದದ್ದನ್ನು ಗುರುತ್ವಾಕರ್ಷಣೆಯ ಪ್ರಯೋಗವೆಂದು ಘೋಷಿಸಿ, ಚಪ್ಪಾಳೆ ಹೊಡೆಸಿಕೊಂಡು ಎದ್ದಿರುತ್ತೇನೆ.

ಅತಿಥಿ ಮೂರು ದಿನಕ್ಕಿಂತ ಹೆಚ್ಚು ಇರಬಾರದು ಅಂತ ನಮ್ಮಜ್ಜಿ ಹೇಳೋಳು. ಸರ್ಕಾರ ನನ್ನನ್ನು ಎರಡು ವರ್ಷದಿಂದ ಅತಿಥಿಯಾಗಿಯೇ ಇಟ್ಟುಕೊಂಡಿದೆ. ಎಂಥ ಆತಿಥ್ಯ!

ಹಾಜರಿ ಕೂಗುವುದರಲ್ಲಿ ಮಾತ್ರ ನನಗೆ ಸಮಾನರಿಲ್ಲ. ಜಗಲಿಯ ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಅರಮನೆಯ ಹೊಗಳುಭಟರ ಗತ್ತಿನಲ್ಲಿ: "ಮೇಲಿನ ಲೈನಿನ ಮಹಾರಾಜ, ಮೊಟ್ಟೆಪ್ರಿಯ, ಮುತ್ತ ಬಹದ್ದೂರ್!" "ಹಾಜರ್ ಮಿಸ್ಸ್ಸ್!" ಲೈನ್ ಎಂದರೆ ಎಸ್ಟೇಟ್ ಕೆಲಸದವರ ಸಾಲುಮನೆ, ಇವರೆಲ್ಲ ಅಲ್ಲಿಯ ರಾಜವಂಶಸ್ಥರು. ಗುಡ್ಡದ ಕೆಳಗೆ ಕೆಲಸ ಮಾಡುವವರು ಈ ಕೂಗು ಕೇಳಿ "ಹತ್ತು ಗಂಟೆ ಆಯ್ತು" ಅಂತಾರಂತೆ. ಇಲಾಖೆ ನನಗೆ ಗಡಿಯಾರದ ಭತ್ಯೆಯನ್ನೂ ಕೊಡತಕ್ಕದ್ದು.

ಹತ್ತರಲ್ಲಿ ಎಂಟು ಹಾಜರ್. ಕೆಳಗಿನ ಲೈನಿನ ಅಣ್ಣ ತಂಗಿ, ನವೀನ್ ಮತ್ತು ಸುಮಿತಾ, ದೀಪಾವಳಿ ಕಳೆದ ಮೇಲೆ ಬಂದಿಲ್ಲ. ಅವರಪ್ಪನಿಗೂ ಕೆಲಸದವರ ಲೆಕ್ಕ ಬರೆಯುವ ಎಸ್ಟೇಟಿನ ರೈಟರಿಗೂ ಮಾತಿಗೆ ಮಾತು ಬೆಳೆದು, ಸಂಸಾರವೇ ಗಂಟುಮೂಟೆ ಕಟ್ಟಿ ಚಿಕ್ಕಮಗಳೂರಿನ ಕಡೆ ಹೋಯಿತಂತೆ. ಟಿ.ಸಿ. ಕೂಡ ಕೇಳಲಿಲ್ಲ. ಈಗ ಕೆಳಗಿನ ಲೈನಿನಿಂದ ಬರುವವಳು ಎರಡನೇ ಕ್ಲಾಸಿನ ಚೋಮಿ ಒಬ್ಬಳೇ.

ನವೆಂಬರ್ 10, ಸೋಮವಾರ

ಸುತ್ತೋಲೆ ಬಂದಿದೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸಮೀಪದ ಶಾಲೆಯೊಂದಿಗೆ "ವಿಲೀನ"ಗೊಳಿಸುವುದಂತೆ. ಎಂಥ ಸುಂದರ ಪದ! ಸಕ್ಕರೆ ಹಾಲಿನಲ್ಲಿ ವಿಲೀನವಾದ ಹಾಗೆ. ನಮ್ಮ ಸಮೀಪದ ಶಾಲೆ ನಾಲ್ಕು ಕಿಲೋಮೀಟರ್ ದೂರ, ಪೂರಾ ಎಸ್ಟೇಟಿನೊಳಗಿನ ದಾರಿ, ಆನೆಗಳು ಹಗಲು ಹೊತ್ತಿನಲ್ಲಿ ಮಲಗುವ ಜಾಗ.

ಹೆಡ್‌ಮಿಸ್ ಬೋಜಮ್ಮ ಟೀಚರ್ ಸುತ್ತೋಲೆಯನ್ನು ನಾಲ್ಕಾಗಿ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನಾನು ಮೇಯಲ್ಲಿ ರಿಟೈರ್ ಕುಸುಮಾ, ನನಗೆ ಎಂತ ಆಗ್ಲಿಕ್ಕುಂಟು? ಈ ಮಕ್ಕಳು ಆ ದಾರಿಯಲ್ಲಿ ಹೋಗುದಿಲ್ಲ. ಎರಡು ದಿನ ಹೋಗ್ತವೆ, ಆಮೇಲೆ ಮನೆಯಲ್ಲಿ ಕೂರ್ತವೆ, ಆಮೇಲೆ ಕಾಫಿ ಕುಯ್ಲಿಕ್ಕೆ. ಮೂವತ್ತು ವರ್ಷ ನೋಡಿದ್ದೇನೆ."

"ಟೀಚರ್, ನವೀನ್ ಸುಮಿತಾ ಟಿ.ಸಿ. ತಗೊಂಡಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಕಾನೂನಿನ ಕಣ್ಣಿಗೆ ಅವರು ಇನ್ನೂ ನಮ್ಮವರೇ. ಇನ್ನು ಹಾಜರಿ. ನಾನು ಕಣ್ಣು ಮುಚ್ಚಿ ಕೂಗೋಳು. ಹತ್ತು ಹೆಸರು ಕೂಗಿದೆ, ಹತ್ತು ದನಿ ಕೇಳಿಸ್ತು, ಬರೆದೆ. ಕೇಳಿಸಿದ್ದನ್ನ ಬರೆದ್ರೆ ಅದು ಸುಳ್ಳಾಗುತ್ತಾ?"

ಟೀಚರ್ ಸುತ್ತೋಲೆಯನ್ನು ರಿಜಿಸ್ಟರಿನೊಳಗೆ ಇಟ್ಟರು. ಆಮೇಲೆ, "ಅಕ್ಕಿಗೆ ಹುಳ ಬಿದ್ದಿದೆಯಾ ನೋಡ್ಬೇಕು" ಅಂತ ಒಳಗೆ ಹೋದರು. ಅನುಮೋದಿಸಲಾಗಿದೆ ಎಂದು ತಿಳಿಯುವುದು.

ನವೆಂಬರ್ 11, ಮಂಗಳವಾರ

ಮುತ್ತ ನಾಲ್ಕನೇ ಕ್ಲಾಸು. ಯಾರ ದನಿ ಬೇಕಾದರೂ ತೆಗೆಯುತ್ತಾನೆ. ರೈಟರ ಕೆಮ್ಮು, ಬೋಜಮ್ಮ ಟೀಚರ ಸೀನು, ನನ್ನದಂತೂ ಬಿಡಿ. ಇವತ್ತು ಗಂಟಲು ದಪ್ಪ ಮಾಡಿ ನವೀನನಾದ, ಮೂಗಿನಲ್ಲಿ ಸುಮಿತಾ ಆದ. ಕಣ್ಣು ಮುಚ್ಚಿದ್ದ ನನಗೇ ಒಂದು ಗಳಿಗೆ ಮೈ ಜುಮ್ಮೆಂದಿತು. ಸಂಭಾವನೆ: ಬಿಸಿಯೂಟದಲ್ಲಿ ನವೀನ್ ಸುಮಿತಾ ಪಾಲಿನ ಮೊಟ್ಟೆ.

ಹತ್ತಕ್ಕೆ ಹತ್ತು.

ನವೆಂಬರ್ 19, ಬುಧವಾರ

ಇಂದು ಮಹಿಳಾ ಹಕ್ಕುಗಳ ಹೋರಾಟ. ಎರಡನೇ ಕ್ಲಾಸಿನ ಶೋಭಿತಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸುಮಿತಾ ಹುಡುಗಿ ಮಿಸ್. ಹುಡುಗಿದು ಹುಡುಗಿನೇ ಹೇಳ್ಬೇಕು. ಎಲ್ಲಾ ಮೊಟ್ಟೆ ಮುತ್ತಣ್ಣನೇ ತಿಂತಾನೆ."

ಅಹವಾಲು ಸಕಾರಣವಾಗಿದ್ದುದರಿಂದ ಪುರಸ್ಕರಿಸಲಾಯಿತು. ಇನ್ನು ಮುಂದೆ ಸುಮಿತಾ ಇಲಾಖೆ ಶೋಭಿತಾಳಿಗೆ. ಯಾರ ಪರವಾಗಿ ಹಾಜರ್ ಹೇಳುತ್ತಾರೋ ಅವರ ಮೊಟ್ಟೆ ಹೇಳಿದವರಿಗೆ: ಇದೇ ಶಾಲೆಯ ಸಂವಿಧಾನ, ಒಂದನೇ ವಿಧಿ. ಕಪ್ಪುಹಲಗೆಯ ಮೂಲೆಯಲ್ಲಿ ಬರೆದೆ. ಬೋಜಮ್ಮ ಟೀಚರ್ ಬಂದು ಅಳಿಸಿದರು.

ಚೋಮಿ ಒಬ್ಬಳು ಈ ಆಟಕ್ಕೆ ಸೇರುವುದಿಲ್ಲ. ನವೀನನ ಹೆಸರು ಕೂಗಿದಾಗಲೆಲ್ಲ ಅವಳು ತಿರುಗಿ ಗೇಟಿನ ಕಡೆ ನೋಡುತ್ತಾಳಂತೆ. ಮುತ್ತ ಹೇಳಿದ. ನಾನು ಕಣ್ಣು ಮುಚ್ಚಿರುತ್ತೇನಲ್ಲ.

ಡಿಸೆಂಬರ್ 2, ಮಂಗಳವಾರ

ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಪ್ರವೀಣ್ ಸರ್ ಹೇಳದೆ ಕೇಳದೆ ಬೈಕಿನಲ್ಲಿ ಬಂದಿಳಿದರು. ಬೋಜಮ್ಮ ಟೀಚರ್ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

"ಹತ್ತು ಅಂತ ಇದೆ. ಇಲ್ಲಿ ಎಂಟು."

ನಾನು ಬಾಯಿ ತೆರೆಯುವಷ್ಟರಲ್ಲಿ ಮುತ್ತ ಎದ್ದ. "ನವೀನಂಗೆ ಜ್ವರ ಸಾರ್. ರಾತ್ರಿಯಿಡೀ ನಡುಗ್ತಿದ್ದ."

ಶೋಭಿತಾ ಎದ್ದಳು. "ಸುಮಿತಾ ಅವನ ಹಣೆಗೆ ಒದ್ದೆ ಬಟ್ಟೆ ಹಾಕ್ತಿದ್ದಾಳೆ ಸಾರ್. ಅವ್ರಮ್ಮ ಕಾಫಿ ಪಿಕಿಂಗಿಗೆ ಹೋಗಿದ್ದಾರೆ."

ಒಂದನೇ ಕ್ಲಾಸಿನ ಗೊಣ್ಣೆ ಸುರಿಸುವ ಪೋರ ಕೂಡ ಎದ್ದು, "ಗಂಜಿ ಕುಡಿದ ಸಾರ್. ವಾಂತಿ" ಎಂದ.

ಪಾಠಯೋಜನೆಯಲ್ಲಿ ಬರೆಯಬೇಕಾದದ್ದು: ಕಲಿಕಾ ಫಲ, ಮಕ್ಕಳು ಸಂದರ್ಭೋಚಿತವಾಗಿ ಮಾತನಾಡುವರು. ಮಗ್ಗಿ ಬಾರದ ಮಕ್ಕಳು. ಇಷ್ಟು ಚೆನ್ನಾಗಿ ಇವರಿಗೆ ನಾನು ಬೇರೆ ಏನನ್ನೂ ಕಲಿಸಿಲ್ಲ.

ಪ್ರವೀಣ್ ಸರ್ ಫಾರಂ ತೆಗೆದರು. ಕೆಳಗಿನ ಲೈನಿನಿಂದ ಆನೆ ಓಡಾಡುವ ದಾರಿಯಲ್ಲಿ ಮಗು ಒಂಟಿಯಾಗಿ ಬರುತ್ತದೆಯೇ, ಬೆಂಗಾವಲು ಬೇಕೇ, ಅಂತ ಒಂದು ಕಾಲಂ.

"ಮೂವರು ಒಟ್ಟಿಗೆ ಬರ್ತಾರಲ್ಲ ಮೇಡಂ? ನವೀನ್, ಸುಮಿತಾ, ಚೋಮಿ?"

"ಹೌದು ಸರ್. ಒಟ್ಟಿಗೆ."

"ಅಗತ್ಯವಿಲ್ಲ" ಅಂತ ಬರೆದುಕೊಂಡರು. ಚೋಮಿ ಅವರ ಪೆನ್ನನ್ನೇ ನೋಡುತ್ತಿದ್ದಳು.

ಬೈಕು ಹೋದ ಮೇಲೆ ಎಲ್ಲರಿಗೂ ಕಡಲೆಮಿಠಾಯಿ ಕೊಟ್ಟೆ. ಯಾಕೋ ನನಗೇ ತಿನ್ನಬೇಕು ಅನ್ನಿಸಲಿಲ್ಲ. ಹಲ್ಲುನೋವಿರಬೇಕು.

ಡಿಸೆಂಬರ್ 9, ಮಂಗಳವಾರ

ಕೆಳಗಿನ ಗದ್ದೆಗಳಲ್ಲಿ ಭತ್ತ ಹಣ್ಣಾಗಿದೆ. ಆನೆಗಳು ರಾತ್ರಿ ಗದ್ದೆಗೆ, ಬೆಳಿಗ್ಗೆ ತೋಟಕ್ಕೆ. ಶಾಲೆಯ ಕೆಳಗೆ ಆನೆ ದಾಟದಿರಲೆಂದು ತೋಡಿದ ಕಂದಕವಿದೆ. ಒಂದು ಕಡೆ ಮಣ್ಣು ಜರಿಸಿ ಅವೇ ದಾರಿ ಮಾಡಿಕೊಂಡಿವೆ. ಇಂಜಿನಿಯರುಗಳು.

ಚೋಮಿಯ ಅವ್ವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿದ್ದಳು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತಳು.

"ಮಿಸ್ಸೇ, ಆ ಮಕ್ಕಳು ಹೋದ ಮೇಲೆ ಇವ್ಳು ಒಬ್ಳೇ ಬರ್ತಾಳೆ. ನಾನು ಎಂಟಕ್ಕೆ ತೋಟದಲ್ಲಿರಬೇಕು. ಫಾರೆಸ್ಟಿನವರು ಜೊತೆಗೆ ವಾಚರ್ ಕಳಿಸ್ತಾರಂತಲ್ಲ? ಒಂದು ಬರೆದು ಕೊಡಿ."

"ಏನಮ್ಮ ನೀನು, ರಿಜಿಸ್ಟರ್ ಪ್ರಕಾರ ಅವಳ ಜೊತೆ ಇಬ್ಬರು ಬಾಡಿಗಾರ್ಡ್ ಇದ್ದಾರೆ!" ಅಂದೆ.

ಅವಳು ನಗಲಿಲ್ಲ. ಅರ್ಥವಾಗಲಿಲ್ಲವೇನೋ. "ಹಾಗಾದ್ರೆ ಸರಿ ಮಿಸ್ಸೇ" ಅಂದು ಹೋದಳು.

ಜನವರಿಯವರೆಗೆ ತಡೆದರೆ ಸಾಕು. ಭತ್ತ ಕೊಯ್ಲಾದರೆ ಆನೆ ಕಡಿಮೆ.

ಡಿಸೆಂಬರ್ 15, ಸೋಮವಾರ

ಗೇಟಿನ ಹತ್ತಿರ ಆನೆ ಲದ್ದಿ. ಬಿಸಿಯಿತ್ತು. ಮುತ್ತ ಅದರ ಸುತ್ತ ಹೂ ಇಟ್ಟು "ಮುಖ್ಯ ಅತಿಥಿಗಳು ಬಂದು ಹೋದರು" ಅಂದ. ನನ್ನ ಶಿಷ್ಯ.

ಡಿಸೆಂಬರ್ 18, ಗುರುವಾರ, ಮಧ್ಯಾಹ್ನ

ನೆಟ್‌ವರ್ಕ್ ಬಂಡೆಯ ಮೇಲಿಂದ ಬರೆಯುತ್ತಿರುವುದು. ಶಾಲೆಯಲ್ಲಿ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡದ ಈ ಬಂಡೆಯೇ ನಮ್ಮ ಡಿಜಿಟಲ್ ಕರ್ನಾಟಕ. ಮಕ್ಕಳು ಶೂ ಹಾಕಿದ ಫೋಟೊ, ಮೊಟ್ಟೆ ತಿಂದ ಫೋಟೊ, ಕೈ ತೊಳೆದ ಫೋಟೊ, ಎಲ್ಲ ಇವತ್ತು ಸಂಜೆಯೊಳಗೆ ಏರಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಬೋಜಮ್ಮ ಟೀಚರಿಗೆ ವಿರಾಜಪೇಟೆಯಲ್ಲಿ ಮೀಟಿಂಗು. ಮಕ್ಕಳ ಸಂಖ್ಯೆ ಹೆಚ್ಚಿಸುವುದು ಹೇಗೆ ಎಂಬ ವಿಷಯವಂತೆ! ಮಕ್ಕಳನ್ನು ಅಡುಗೆಯ ಸುಲೋಚನಮ್ಮನ ಕೈಗೆ ಒಪ್ಪಿಸಿ, ಕಾಪಿ ಬರೆಯಲು ಹೇಳಿ ಬಂದಿದ್ದೇನೆ.

ಒಂಬತ್ತು ಪರ್ಸೆಂಟ್. ಹತ್ತು. ಮತ್ತೆ ಸೊನ್ನೆ.

ಬೆಳಿಗ್ಗೆಯ ಹಾಜರಿ ಅಮೋಘವಾಗಿತ್ತು. ಹತ್ತೂ ದನಿ ಹತ್ತು ತುತ್ತೂರಿಯ ಹಾಗೆ.

ಕೆಳಗೆ ಕಂದಕದ ಕಡೆ ಯಾವುದೋ ಹಕ್ಕಿ ಬಿಟ್ಟು ಬಿಟ್ಟು ಕೂಗುತ್ತಿದೆ. ಬೆಳಿಗ್ಗೆಯಿಂದಲೂ. ಹೆಸರು ಗೊತ್ತಿಲ್ಲ.

ಡಿಸೆಂಬರ್ 20, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಆದ ಹಾಗೆಯೇ ಬರೆಯುತ್ತೇನೆ.

ಗುರುವಾರ ಮೂರೂವರೆಗೆ ಬಂಡೆಯಿಂದ ಇಳಿದೆ. ಮಕ್ಕಳು ಬಯಲಲ್ಲಿ ಆಡುತ್ತಿದ್ದರು. ಎಣಿಸಲಿಲ್ಲ. ಗಂಟೆ ಹೊಡೆದೆ, ಚೀಲ ಎತ್ತಿಕೊಂಡು ಓಡಿದರು. ಬೋಜಮ್ಮ ಟೀಚರ್ ಮೀಟಿಂಗಿನಿಂದ ಬಂದರು. ಪಾಲಿಬೆಟ್ಟಕ್ಕೆ ಹೋಗುವ ಎಸ್ಟೇಟ್ ಜೀಪಿಗೆ ಇಬ್ಬರೂ ಕಾಯುತ್ತಿದ್ದೆವು.

ಐದೂ ಇಪ್ಪತ್ತಕ್ಕೆ ಚೋಮಿಯ ಅವ್ವ ಓಡಿಬಂದಳು. ಕುಯ್ದ ಕಾಫಿ ತೂಕಕ್ಕೆ ಹಾಕಿ ಮನೆಗೆ ಹೋದರೆ ಹುಡುಗಿ ಇಲ್ಲ.

ನಾನು ಮೇಲಿನ ಲೈನಿಗೆ ಹೋಗಿ ಮಕ್ಕಳನ್ನು ಕೇಳಿದೆ. ಶೋಭಿತಾ ಸೌದೆ ರಾಶಿಯ ಹಿಂದೆ ನಿಂತಿದ್ದಳು. ಹತ್ತಿರ ಹೋದರೆ ಅತ್ತಳು.

"ಬೆಳಿಗ್ಗೆ ಚೋಮಿದು ನಾನೇ ಹೇಳಿದ್ದು ಮಿಸ್. ಲೇಟಾಗಿ ಬರ್ತಾಳೆ ಅಂದ್ಕೊಂಡೆ."

"ಮೊಟ್ಟೆ?"

"ಎತ್ತಿಟ್ಟಿದ್ದೆ. ಬರ್ಲಿಲ್ಲ. ತಿಂದೆ."

ಸುಲೋಚನಮ್ಮ ಊಟಕ್ಕೆ ಬಡಿಸುವಾಗ "ಚೋಮಿ ಎಲ್ರೋ?" ಅಂತ ಕೇಳಿದ್ದಳಂತೆ. ಮುತ್ತ, "ಮಿಸ್ ಹಾಜರಿ ಹಾಕಿದ್ದಾರೆ, ಇಲ್ಲೇ ಎಲ್ಲೋ ಇರ್ತಾಳೆ" ಅಂದನಂತೆ. ಅವಳು ಹೌದೇನೋ ಅಂದುಕೊಂಡಳು.

ಆಗ ಐದೂ ಮುಕ್ಕಾಲು. ನನಗೆ ಗೊತ್ತಾದದ್ದು ಐದೂ ಮುಕ್ಕಾಲಿಗೆ.

ನಾನು ವಾಪಸು ಬರುವಷ್ಟರಲ್ಲಿ ಅಂಗಳದಲ್ಲಿ ಜನ. ರೈಟರ್, ಲೈನಿನವರು, ಅರಣ್ಯ ಇಲಾಖೆಯ ವಾಚರ್ ಆನಂದ್. ಬೋಜಮ್ಮ ಟೀಚರ್ ರಿಜಿಸ್ಟರ್ ತೆರೆದು ತೋರಿಸುತ್ತಿದ್ದರು. ಚೋಮಿ, ಹಾಜರು, ನನ್ನ ಸಹಿ.

"ನಾಲ್ಕಕ್ಕೆ ಹೊರಟಿದ್ರೆ ಆನೆ ಅಲ್ಲ" ಎಂದ ಆನಂದ್. "ಹಿಂಡು ಬೆಳಿಗ್ಗೆ ಒಂಬತ್ತೂಕಾಲಿಗೆ ಕಂದಕ ದಾಟಿದ್ದು, ನಾನೇ ನೋಡಿದ್ದು. ಮಧ್ಯಾಹ್ನಕ್ಕೆ ಆಚೆ ಎಸ್ಟೇಟಲ್ಲಿತ್ತು. ಇದು ಬೇರೆ ಏನೋ. ರೋಡಿಗೆ ಹೋಗಿರ್ಬೇಕು, ಯಾರಾದ್ರೂ ವ್ಯಾನಲ್ಲಿ..."

ಎಲ್ಲರೂ ರೋಡಿನ ಕಡೆ ಹೋದರು. ಜೀಪು ಪಾಲಿಬೆಟ್ಟದ ಕಡೆ ಒಂದು, ಅಮ್ಮತ್ತಿಯ ಕಡೆ ಒಂದು. ನಾನು ಕಂಬ ಹಿಡಿದು ನಿಂತೆ. ಹೇಳಿದರೆ ನವೀನ್ ಸುಮಿತಾ ವಿಷಯವೂ ಹೊರಗೆ ಬರುತ್ತದೆ. ಶಾಲೆ ಹೋಗುತ್ತದೆ. ಎಲ್ಲೋ ಆಟವಾಡುತ್ತಾ ಕೂತಿರುತ್ತಾಳೆ, ಇನ್ನೇನು ಸಿಗುತ್ತಾಳೆ, ಐದು ನಿಮಿಷ ನೋಡೋಣ ಅಂದುಕೊಂಡೆ. ಮತ್ತೆ ಐದು ನಿಮಿಷ. ಬೆಳಕು ಹೋಯಿತು.

ಚೋಮಿಯ ಅವ್ವ ಮೆಟ್ಟಿಲ ಮೇಲೆ ಕೂತಿದ್ದಳು. ತಲೆಯೆತ್ತಿ ಕೇಳಿದಳು:

"ಇವತ್ತು ಏನು ಓದಿದ್ಳು ಮಿಸ್ಸೇ? ಮೊಟ್ಟೆ ತಿಂದ್ಳಾ?"

ಆರೂ ಐವತ್ತು. ಆಗ ಹೇಳಿದೆ. "ಅವಳು ಬಂದೇ ಇಲ್ಲ. ಬೆಳಿಗ್ಗೆ ಬಂದೇ ಇಲ್ಲ." ನವೀನ್ ಸುಮಿತಾ ವಿಷಯವನ್ನೂ ಹೇಳಿದೆ, ಯಾರೂ ಕೇಳದಿದ್ದರೂ.

ಅವಳು ನನ್ನನ್ನು ಬಯ್ಯಲಿಲ್ಲ. ಆನಂದ್ ಬಯ್ದ, ಓಡುತ್ತಲೇ ಬಯ್ದ. ಟಾರ್ಚ್ ಹಿಡಿದು ನೇರ ಕಂದಕಕ್ಕೆ ಹೋದರು. ಮಣ್ಣು ಜರಿದ ಜಾಗದಿಂದ ನಲವತ್ತು ಹೆಜ್ಜೆ ಈಚೆ, ಕೆಳಗೆ, ಚೀಲವನ್ನು ತಲೆಯ ಮೇಲಿಟ್ಟುಕೊಂಡು ಮುದುಡಿ ಕೂತಿದ್ದಳು. ಕಾಲು ಮುರಿದಿದೆ. ಹೆಸರು ಕೂಗಿದರೂ ಮಾತಾಡಲಿಲ್ಲ. ಜೀವವಿದೆ.

ಒಂದು ಗಂಟೆ ಐದು ನಿಮಿಷ. ಎಣಿಸಿದ್ದೇನೆ.

ಡಿಸೆಂಬರ್ 23, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆ. ಕಾಲಿಗೆ ಪ್ಲಾಸ್ಟರ್. ಇವತ್ತು ಮೊದಲ ಸಲ ಮಾತಾಡಿದಳು. ಆನೆ ಎದುರಾಯಿತು, ಓಡಿದಳು, ಬಿದ್ದಳು. ಅದು ಬಹಳ ಹೊತ್ತು ಮೇಲೆ ನಿಂತಿತ್ತು. ಮರಿ ಇತ್ತಂತೆ.

"ನೀವು ಕೂಗಿದ್ದು ಕೇಳಿಸ್ತು ಮಿಸ್" ಅಂದಳು. "ಕೆಳಗಿನ ಲೈನಿನ ಪಟ್ಟದ ರಾಣಿ ಚೋಮಿ ಅಂತ. ನಾನು ಹಾಜರ್ ಅಂದೆ. ಆನೆ ಇದ್ರೂ ಅಂದೆ."

"ಆಮೇಲೆ?"

"ಮೇಲಿಂದ ಇನ್ಯಾರೋ ಹಾಜರ್ ಅಂದ್ರು. ನೀವು ಮುಂದಿನ ಹೆಸರು ಕೂಗಿದ್ರಿ."

ನಾನು ಹೊದಿಕೆ ಎಳೆದು ಅವಳ ಕಾಲಿಗೆ ಮುಚ್ಚಿದೆ.

"ಮಧ್ಯಾಹ್ನದವರೆಗೂ ಕೂಗಿದೆ ಮಿಸ್. ಆಮೇಲೆ ಬಿಟ್ಟೆ. ನಾನು ಬಂದಾಯ್ತಲ್ಲ. ಬಂದವಳನ್ನ ಯಾರು ಹುಡುಕ್ತಾರೆ?"

ಮನೆಗೆ ಬಂದು, ಗುರುವಾರ ಹಕ್ಕಿಯ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಹೊಡೆಯಲಿಲ್ಲ. ಇರಲಿ.

ಜನವರಿ 7, 2026, ಬುಧವಾರ

ಪ್ರವೀಣ್ ಸರ್ ಹೇಳಿಕೆ ಬರೆಸಿಕೊಳ್ಳಲು ಬಂದಿದ್ದರು. ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು.

"ಚೋಮಿಯದ್ದು ಒಂದು ದಿನದ ಕಣ್ತಪ್ಪು ಅಂತ ಬರೀರಿ. ಆ ಇಬ್ಬರ ವಿಷಯ ಎತ್ಬೇಡಿ ಮೇಡಂ. ನಾನೂ ಆವತ್ತು ಜ್ವರ ಅಂತ ಬರೆದುಕೊಂಡು ಹೋದವನೇ. ನನಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ? ಶಾಲೆ ಉಳಿತದೆ, ನಿಮ್ಮ ಕೆಲಸ ಉಳಿತದೆ."

"ಬೆಂಗಾವಲಿನ ಕಾಲಂ?"

"ಅದು ಹಾಗೇ. ಮೂವರು ಅಂದ್ರೆ ಮೂವರು."

ಬೋಜಮ್ಮ ಟೀಚರ್ ಕಡೆ ನೋಡಿದೆ. ಈ ಸಲ ಅವರು ಅಕ್ಕಿ ನೋಡಲು ಹೋಗಲಿಲ್ಲ. "ಅವಳ ಅವ್ವನನ್ನು ಕೇಳು" ಎಂದರು.

ಕೇಳಿದೆ. ಎರಡೂ ಹೇಳಿದೆ: ಹೀಗೆ ಬರೆದರೆ ಶಾಲೆ ಇಲ್ಲೇ, ಹಾಗೆ ಬರೆದರೆ ನಾಲ್ಕು ಕಿಲೋಮೀಟರ್. ಅವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿದಳು.

"ಅವ್ಳು ಒಬ್ಳೇ ಅಂತ ಎಲ್ಲಾದ್ರೂ ಒಂದು ಕಡೆ ಬರೀರಿ ಮಿಸ್ಸೇ."

ಬರೆದೆ. ಕೆಳಗಿನ ಲೈನಿನಿಂದ ಒಂದು. ಒಟ್ಟು ಎಂಟು. ಬೋಜಮ್ಮ ಟೀಚರ್ ನನ್ನ ಸಹಿಯ ಕೆಳಗೆ ಸಹಿ ಮಾಡಿದರು.

ಏಪ್ರಿಲ್ 10, ಶುಕ್ರವಾರ

ಕೊನೆಯ ದಿನ. ವಿಲೀನದ ಆದೇಶ ಗೋಡೆಗೆ ಅಂಟಿಸಿದ್ದಾರೆ. "ವಾಹನ ವ್ಯವಸ್ಥೆ ಪರಿಶೀಲನೆಯಲ್ಲಿದೆ" ಅಂತ ಅದರಲ್ಲೇ ಇದೆ. ಅತಿಥಿ ಶಿಕ್ಷಕಿಯ ಸೇವೆ ಇಂದಿಗೆ ಮುಕ್ತಾಯ.

ಮುತ್ತನಿಗೆ ನನ್ನ ದನಿಯಲ್ಲಿ ಹಾಜರಿ ಕೂಗು ಅಂದೆ, ನಗೋಣ ಅಂತ. ಆಗಲ್ಲ ಮಿಸ್ ಅಂದ. ಡಿಸೆಂಬರಿನಿಂದ ಅವನು ಯಾರ ದನಿಯನ್ನೂ ತೆಗೆದಿಲ್ಲ.

ಜೂನ್ 1, ಸೋಮವಾರ

ವಾಹನ ಬರಲಿಲ್ಲ. ಬೆಂಗಾವಲೂ ಇಲ್ಲ: ಜನವರಿಯ ಹೇಳಿಕೆಯ ಮೇಲೆ ಅದು ಕೆಳಗಿನ ಲೈನಿನಿಂದ ಹಳೆಯ ಶಾಲೆಯವರೆಗೆ ಮಂಜೂರಾಗಿತ್ತು, ಹಳೆಯ ಶಾಲೆ ಈಗ ಇಲ್ಲವಲ್ಲ.

ಪಾಲಿಬೆಟ್ಟದ ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದೆ, ಹತ್ತೂವರೆಗೆ ಹೋದರೆ ಸಾಕು. ಏಳೂವರೆಗೆ ಕೆಳಗಿನ ಲೈನಿಗೆ ಹೋಗಿ ಚೋಮಿಯನ್ನು ಕರೆದುಕೊಂಡೆ. ಎಡಗಾಲು ಸ್ವಲ್ಪ ಎಳೆಯುತ್ತಾಳೆ. ಮೇಲಿನ ಲೈನಿನಲ್ಲಿ ಏಳು ಮಕ್ಕಳು ಸೇರಿದರು. ಸಾಲಿನ ಕೊನೆಯಲ್ಲಿ ಬೋಜಮ್ಮ ಟೀಚರ್, ಕೊಡೆ ಹಿಡಿದು. "ರಿಟೈರಾದ ಮೇಲೆ ವಾಕಿಂಗ್ ಹೋಗ್ಬೇಕು ಅಂತ ಡಾಕ್ಟರ್ ಹೇಳಿದ್ದಾರೆ" ಎಂದರು.

ಪ್ರತಿ ತಿರುವಿನಲ್ಲೂ ನಿಲ್ಲಿಸಿ ಹೆಸರು ಹೇಳಿದೆ. ಬರೀ ಹೆಸರು. ಕಣ್ಣು ಬಿಟ್ಟುಕೊಂಡು. ಮಕ್ಕಳು ಪಿಸುದನಿಯಲ್ಲಿ ಹಾಜರ್ ಅಂದರು. ಆ ದಾರಿಯಲ್ಲಿ ಕೂಗುವ ಹಾಗಿಲ್ಲ. ಚೋಮಿ ಹಾಜರ್ ಅನ್ನುವುದಿಲ್ಲ. ಹತ್ತಿರ ಬಂದು ನನ್ನ ಕೈ ಮುಟ್ಟಿ ಹಿಂದಕ್ಕೆ ಹೋಗುತ್ತಾಳೆ.

ಮೊದಲ ತಿರುವಿನಲ್ಲಿ ಎಂಟು. ಹಲಸಿನ ಮರದ ಹತ್ತಿರ ಎಂಟು. ಮರದ ಬುಡದಲ್ಲಿ ತಿಂದು ಬಿಟ್ಟ ಹಲಸಿನ ತೊಳೆಗಳು ಇನ್ನೂ ಹಸಿಯಾಗಿದ್ದವು. ಮೂರನೇ ತಿರುವಿನಲ್ಲಿ ಎಡಗಡೆ ಕಾಫಿ ಗಿಡಗಳ ಒಳಗೆ ಏನೋ ಮುರಿದ ಸದ್ದು. ನಿಂತೆವು. ಬಹಳ ಹೊತ್ತಿನ ಮೇಲೆ ಸದ್ದು ದೂರವಾಯಿತು. ಆಮೇಲೆ ಮತ್ತೆ ಹೆಸರು ಹೇಳಿದೆ. ಎಂಟು.

ನಾಳೆಯಿಂದ ಮಳೆ ಹಿಡಿಯುತ್ತದಂತೆ. ಮಳೆಯಲ್ಲಿ ಪಿಸುದನಿ ಕೇಳಿಸುವುದಿಲ್ಲ. ಎಲ್ಲರಿಗೂ ಚೋಮಿಯ ಹಾಗೆ ಬಂದು ಕೈ ಮುಟ್ಟಲು ಹೇಳಬೇಕು.